ಕೈಯಲ್ಲಿ ಪಿಸಿ, ಬಾಯಲ್ಲಿ ಯುದ್ಧ

ನಿಜ ಹೇಳಿ ಮಾರಾಯ್ರೆ, ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಶೃಂಗೇರಿ ಬಸ್ಸು ಹತ್ತುವಾಗ ನಿಮ್ಮ ಬ್ಯಾಗಲ್ಲಿ ಎಂತ ಇರುತ್ತೆ? ಅಮ್ಮನಿಗೆ ಸೀರೆಯಾ? ಅಪ್ಪನ ಮಂಡಿನೋವಿಗೆ ಎಣ್ಣೆಯಾ? ಅದೆಲ್ಲ ಬಿಡಿ. ಎರಡು ಟೀ ಶರ್ಟಿನ ನಡುವೆ, ಗಟ್ಟಿ ಪೌಚಿನೊಳಗೆ ಬೆಚ್ಚಗೆ ಮಲಗಿರುತ್ತಲ್ಲ, ನಾನು ಕೇಳ್ತಿರೋದು ಅದನ್ನ.

(ಹೆದರಬೇಡಿ, ಅದರ ರೇಟು ಮನೇಲಿ ಹೇಳಲ್ಲ. 'ಆಫೀಸಲ್ಲಿ ಕೊಟ್ಟಿದ್ದು' ಅಂದಿದ್ದೀರಂತೆ. ಎಷ್ಟು ಒಳ್ಳೆ ಆಫೀಸು!)

ಹರಿಹರಪುರದ ಹಿರಿಯರಿಗಾಗಿ ಬೇಗ ಹೇಳಿ ಮುಗಿಸ್ತೀನಿ. ಅದರ ಹೆಸರು ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ. ಏಳಿಂಚಿನ ಸ್ಕ್ರೀನು, ಎರಡೂ ಕಡೆ ಹೆಬ್ಬೆರಳಿಗೆ ಒಂದೊಂದು ಸ್ಟಿಕ್ಕು, ಸುತ್ತ ಬಟನ್ನು, ಒಳಗೆ ಫ್ಯಾನ್ ಸಮೇತ ಪೂರಾ ಕಂಪ್ಯೂಟರು. ಮೇಜಿನ ಮೇಲಿನ ಪಿಸಿಯಲ್ಲಿ ಆಡೋ ಆಟಗಳನ್ನೇ ಮಂಚದ ಮೇಲೆ ಅಂಗಾತ ಮಲಗಿ ಆಡಬಹುದು. ಬೆಳಗ್ಗೆ ಒಂಬತ್ತಾದರೂ ಮಗ ಉಪ್ಪರಿಗೆಯಿಂದ ಇಳಿಯಲ್ಲ ಅಂತ ಕೇಳ್ತಿದ್ರಲ್ಲ, ಕಾರಣ ಸಿಕ್ತಲ್ಲ?

ಈ ಗುಂಗು ಹಿಡಿಸಿದ್ದು ವಾಲ್ವ್ ಕಂಪನಿಯ ಸ್ಟೀಮ್ ಡೆಕ್. ಬಂದಿದ್ದು 2022ರ ಫೆಬ್ರವರಿಯಲ್ಲಿ, ತೂಕ 669 ಗ್ರಾಂ, ಅಮೆರಿಕದಲ್ಲಿ ಆಗ 399 ಡಾಲರ್‌ನಿಂದ ಶುರು. ಭಾರತದಲ್ಲಿ ಅಧಿಕೃತವಾಗಿ ಮಾರಲೇ ಇಲ್ಲ. ಆದರೂ ನಿಮ್ಮ ಹತ್ತಿರ ಇದೆ! ಅಮೆರಿಕದ ಭಾವನಿಗೆ 'ಯಾವಾಗ ಬರ್ತೀರಿ, ನೋಡದೆ ವರ್ಷ ಆಯ್ತು' ಅಂತ ಅಷ್ಟು ಪ್ರೀತಿಯಿಂದ ಫೋನ್ ಮಾಡಿದ್ದು ಯಾಕೆ ಅಂತ ಅಕ್ಕನಿಗೆ ಇನ್ನೂ ಗೊತ್ತಿಲ್ಲ.

ಭಾವ ಇಲ್ಲದವರ ಕಷ್ಟ ನೋಡಲಾರದೆ ಏಸಸ್ ಕಂಪನಿ 2023ರ ಜುಲೈಯಲ್ಲಿ ರಾಗ್ ಆಲೈ ಅನ್ನೋದನ್ನ ನಮ್ಮ ದೇಶಕ್ಕೇ ತಂತು. ಆಗ ಬೆಲೆ 69,990 ರೂಪಾಯಿ. ಲೆನೊವೊ ಲೀಜನ್ ಗೋ ತಂತು, ಎಂಎಸ್‌ಐ ಕ್ಲಾ ತಂತು. (ಇದು ಎಷ್ಟು ಮೂಟೆ ಅಡಿಕೆ ಆಯ್ತು ಅಂತ ಅಪ್ಪ ಲೆಕ್ಕ ಹಾಕೋದರೊಳಗೆ ಮುಂದಿನ ಪ್ಯಾರಾಕ್ಕೆ ಹೋಗಿಬಿಡುವ, ಬನ್ನಿ.)

ಯಂತ್ರ ಬಂತು. ಆಟ ಶುರು ಮಾಡಿದ್ರಾ? ಎಲ್ಲಿಂದ! ಜಗಳ ಶುರು ಮಾಡಿದ್ರಿ. ಇದರೊಳಗೆ ಇರಬೇಕಾದ್ದು ವಿಂಡೋಸಾ, ಲಿನಕ್ಸ್ ಮೇಲೆ ವಾಲ್ವ್ ಕಟ್ಟಿದ ಸ್ಟೀಮ್‌ಓಎಸ್ಸಾ? ಕೊಪ್ಪದ ಹೋಟೆಲಲ್ಲಿ ಬನ್ಸ್ ತಣ್ಣಗಾಯ್ತು, ಕಾಫಿ ಮೇಲೆ ಕೆನೆ ಕಟ್ಟಿತು, ನಿಮ್ಮ ವಾದ ಮುಗೀಲಿಲ್ಲ. ತಾಳಮದ್ದಳೆಯ ಕರ್ಣಾರ್ಜುನರ ಹಾಗೆ ಕೂತಲ್ಲೇ ಯುದ್ಧ. ಬೆಳಗಾದರೂ ಒಂದು ಬಾಣ ಹೊರಡಲ್ಲ.

ವಾದದ ಬುಡ ಎಲ್ಲಿದೆ ಗೊತ್ತಾ? ಹೆಚ್ಚಿನ ಪಿಸಿ ಆಟಗಳನ್ನ ಬರೆಯೋದೇ ವಿಂಡೋಸ್‌ಗೆ. ಲಿನಕ್ಸಲ್ಲಿ ಅವು ನೇರವಾಗಿ ಓಡಲ್ಲ. 2015ರಲ್ಲಿ ವಾಲ್ವ್‌ನವರು ಸ್ಟೀಮ್ ಮಷೀನ್ ಅಂತ ಲಿನಕ್ಸ್ ಪೆಟ್ಟಿಗೆಗಳನ್ನ ಬೇರೆ ಕಂಪನಿಗಳ ಕೈಲಿ ಮಾರಿಸಿ ನೋಡಿದರು. ಆಟಗಳೇ ಇಲ್ಲದ ಆಟದ ಪೆಟ್ಟಿಗೆ ಯಾರಿಗೆ ಬೇಕು? ಮೂಲೆ ಸೇರಿತು.

ಆದರೆ ಅವರು ಸುಮ್ಮನೆ ಕೂರಲಿಲ್ಲ. 2018ರಲ್ಲಿ ಪ್ರೋಟಾನ್ ಅಂತ ಒಬ್ಬ ದುಭಾಷಿಯನ್ನ ತಂದು ಕೂರಿಸಿದರು. ಆಟ ವಿಂಡೋಸ್ ಮಾತಲ್ಲಿ 'ಚಿತ್ರ ಬಿಡಿಸು, ಸದ್ದು ಮಾಡು' ಅಂತ ಕೇಳುತ್ತೆ. ಪ್ರೋಟಾನ್ ಆಗಿಂದಾಗ್ಗೆ ಅದನ್ನ ಲಿನಕ್ಸ್ ಮಾತಿಗೆ ತಿರುಗಿಸುತ್ತೆ. ಆಟಕ್ಕೆ ತಾನು ಯಾರ ಮನೇಲಿ ಊಟ ಮಾಡ್ತಿದೀನಿ ಅಂತಲೇ ಗೊತ್ತಾಗಲ್ಲ. ಸ್ಟೀಮ್ ಡೆಕ್ ಗೆದ್ದಿದ್ದು ಚಿಪ್ಪಿನ ಶಕ್ತಿಯಿಂದಲ್ಲ, ಈ ದುಭಾಷಿಯಿಂದ.

ಈಗ ನಿಮ್ಮ ವಿಷಯಕ್ಕೆ ಬರುವ. ಲಿನಕ್ಸ್ ಪರ ಅಷ್ಟು ಗಂಟಲು ಹರ್ಕೊಳ್ತೀರಲ್ಲ, 'ಸ್ವತಂತ್ರ ತಂತ್ರಾಂಶ', 'ನಮ್ಮ ಯಂತ್ರ ನಮ್ಮ ಹಕ್ಕು' ಅಂತ? ಮನೇಲಿರೋ ನಿಮ್ಮ ಲ್ಯಾಪ್‌ಟಾಪಿನ ಬಲಗಡೆ ಮೂಲೇಲಿ 'ಆಕ್ಟಿವೇಟ್ ವಿಂಡೋಸ್' ಅಂತ ಬೂದು ಅಕ್ಷರ ಎಷ್ಟು ವರ್ಷದಿಂದ ಇದೆ? (ನಾನು ನೋಡಿದೀನಿ. ಮದುವೆ ಫೋಟೋ ತೋರಿಸೋಕೆ ನೀವೇ ಕರೆದಿದ್ರಿ.)

ವಿಂಡೋಸ್ ಕಡೆಯವರೇ, ನಗಬೇಡಿ, ನಿಮ್ಮದೂ ಇದೆ. ಬ್ಯಾಟರಿ ಇಳಿಯೋಕೆ ಮುಂಚೆ ಸ್ವಲ್ಪ ಆಡುವ ಅಂತ ಕೂತ ಹೊತ್ತಿಗೇ ಅಪ್‌ಡೇಟು. ಏಳಿಂಚಿನ ಪರದೆ ಮೇಲೆ ಸಾಸಿವೆ ಕಾಳಿನಷ್ಟು ಬಟನ್ನು, ಅದನ್ನ ಹೆಬ್ಬೆರಳಲ್ಲಿ ಒತ್ತಬೇಕು. ಮಲಗಿಸಿ ಬ್ಯಾಗಿಗೆ ಹಾಕಿದ ಯಂತ್ರ ತಾನಾಗೇ ಎದ್ದು, ಬಸ್ಸು ಕಡೂರು ದಾಟೋದರೊಳಗೆ ಟೀ ಶರ್ಟಿಗೆ ಇಸ್ತ್ರಿ ಮಾಡಿರುತ್ತೆ. ಊರಲ್ಲಿ ಇಳಿದಾಗ ಬ್ಯಾಟರಿ ಸೊನ್ನೆ.

ಭವಿಷ್ಯ ಅಂತ ಇದ್ದರೆ ಅದು ಇಲ್ಲೇ ಇದೆ, ಈ ನಿದ್ದೆಯ ಬಟನ್ನಲ್ಲಿ! ಸ್ಟೀಮ್ ಡೆಕ್‌ನಲ್ಲಿ ಮೇಲಿನ ಬಟನ್ ಒತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತೆ. ಮತ್ತೆ ಒತ್ತಿದರೆ ಅಲ್ಲಿಂದಲೇ ಶುರು. ಕೊನೆಕೊಯ್ಲಿನ ಹೊತ್ತಲ್ಲಿ ಅಪ್ಪ 'ಏಯ್, ಬಾರೋ ಇಲ್ಲಿ' ಅಂತ ಅಂಗಳದಿಂದ ಕೂಗಿದಾಗ ಮಧ್ಯೆ ನಿಲ್ಲಿಸಿ ಓಡೋಕೆ ಆಗೋದು ಯಾವುದು ಹೇಳಿ? ಆ ಕೂಗಿಗೆ 'ಸೇವ್ ಮಾಡಿ ಬರ್ತೀನಿ' ಅಂತ ಉತ್ತರ ಕೊಟ್ಟು ಬದುಕಿದವರಿಲ್ಲ.

ಇದು ಬೇರೆ ಕಂಪನಿಗಳಿಗೂ, ಕೊನೆಗೆ ಮೈಕ್ರೋಸಾಫ್ಟಿನವರಿಗೂ ಅರ್ಥ ಆಯ್ತು. 2025ರ ಮೇ ತಿಂಗಳಲ್ಲಿ ಲೆನೊವೊ ತನ್ನ ಲೀಜನ್ ಗೋ ಎಸ್ ಯಂತ್ರವನ್ನ ಸ್ಟೀಮ್‌ಓಎಸ್ ಹಾಕಿಯೇ ಮಾರೋಕೆ ಶುರು ಮಾಡಿತು. ವಾಲ್ವ್‌ನ ಓಎಸ್ ಅಧಿಕೃತವಾಗಿ ಬೇರೆಯವರ ಹ್ಯಾಂಡ್‌ಹೆಲ್ಡ್‌ಗೆ ಹೋಗಿದ್ದು ಅದೇ ಮೊದಲು. ಅಕ್ಟೋಬರ್‌ನಲ್ಲಿ ಏಸಸ್ ಜೊತೆ ಕೈ ಜೋಡಿಸಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಆಲೈ ತಂತು. ಅದರಲ್ಲಿ ವಿಂಡೋಸ್ ಇದೆ, ಆದರೆ ಮುಖ ತೋರಿಸಲ್ಲ. ಆನ್ ಮಾಡಿದರೆ ನೇರ ಆಟದ ಪರದೆ. ತನ್ನ ಡೆಸ್ಕ್‌ಟಾಪನ್ನ ತಾನೇ ಬಚ್ಚಿಡಬೇಕಾಯ್ತಲ್ಲ ಪಾಪ!

'ಹಾಗಾದ್ರೆ ಲಿನಕ್ಸ್ ಗೆದ್ದ ಹಾಗೇ' ಅಂತ ಶಿಳ್ಳೆ ಹೊಡೀಬೇಡಿ. ವಾಲ್ವ್‌ನ ಆಟದಂಗಡಿ ಸ್ಟೀಮ್‌ನ ಲೆಕ್ಕದಲ್ಲೇ ಲಿನಕ್ಸಲ್ಲಿ ಆಡೋರು ನೂರಕ್ಕೆ ಮೂರು ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ಮೂರು! ಮೊದಲು ಒಂದಿತ್ತು ಅನ್ನೋದು ನಿಜ, ಆದರೂ ಪಂಚಾಯ್ತಿ ಎಲೆಕ್ಷನ್ನಲ್ಲಿ ಇಷ್ಟು ಓಟಿಗೆ ಠೇವಣಿ ಬರಲ್ಲ.

ಮತ್ತೆ ಮೋಸ ಹಿಡಿಯೋ ಕಾವಲುಗಾರರ ಕಾಟ ಬೇರೆ. ಹತ್ತು ಜನ ಸೇರಿ ಆಡೋ ಆಟಗಳಲ್ಲಿ ಕಳ್ಳಾಟ ತಡೆಯೋ ಆ್ಯಂಟಿ-ಚೀಟ್ ವಿಂಡೋಸಿನ ಹೊಟ್ಟೆಯೊಳಗೇ ಇಳಿದು ಕೂರುತ್ತೆ. ವ್ಯಾಲರಂಟ್ ಲಿನಕ್ಸಲ್ಲಿ ಓಡೋದೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್, ಅಕ್ಟೋಬರ್ ಕೊನೆಗೆ ಏಪೆಕ್ಸ್ ಲೆಜೆಂಡ್ಸ್ ಡೆಕ್‌ನವರ ಮುಖಕ್ಕೇ ಬಾಗಿಲು ಹಾಕಿದವು. ಆದರೂ ನಿಮಗೆ ಇದರಿಂದ ದೊಡ್ಡ ನಷ್ಟ ಎಂತ ಇಲ್ಲ ಬಿಡಿ. ನಮ್ಮಲ್ಲಿ ಮಳೆಗಾಲದ ಪಿಂಗ್, ಅಂದರೆ ನೆಟ್ಟಿನ ತಡ, ನೋಡಿದರೆ ನೀವು ಗುಂಡು ಹೊಡೆಯೋದರೊಳಗೆ ಎದುರಿನವ ಹೊಡೆದು, ಊಟ ಮಾಡಿ, ಮಲಗಿರುತ್ತಾನೆ.

ಅಂದ ಹಾಗೆ, ಮಳೆಗಾಲ! ಸ್ಟೀಮ್‌ನ ಸಮರ್ ಸೇಲ್ ಯಾವಾಗ ಬರುತ್ತೆ ಗೊತ್ತಲ್ಲ? ಜೂನ್ ಕೊನೆ. ಅಂದರೆ ಸರಿಯಾಗಿ ಆರಿದ್ರಾ ಮಳೆ. ತುಂಗೆ ಮೆಟ್ಟಿಲು ಮೆಟ್ಟಿಲು ಏರ್ತಿರ್ತಾಳೆ, ಕರೆಂಟು ಹೋಗಿ ಎರಡು ದಿನ, ಲೈನ್‌ಮನ್ ಯಾವ ಮರದ ಕೆಳಗಿದ್ದಾನೋ ದೇವರಿಗೇ ಗೊತ್ತು. ನೀವು ಮಾತ್ರ ತೋಟದ ದಿಬ್ಬದ ಮೇಲೆ ಕೊಡೆ ಹಿಡಿದು, ಒಂದು ಕಡ್ಡಿ ರೇಂಜಲ್ಲಿ 'ಶೇ. 75 ಡಿಸ್ಕೌಂಟು' ಅಂತ ಆಟ ಕೊಳ್ತಿರ್ತೀರಿ. ಕಾಲಿಗೆ ಹತ್ತಿದ ಇಂಬಳಕ್ಕೂ ಅಷ್ಟೊತ್ತಿಗೆ ಹೊಟ್ಟೆ ತುಂಬಿರುತ್ತೆ.

ಕೊಂಡಿರಿ. ಡೌನ್‌ಲೋಡ್? ಬಾಲ್ಡರ್ಸ್ ಗೇಟ್ 3 ಅನ್ನೋ ಒಂದೇ ಆಟ 150 ಜಿಬಿ ಹತ್ತಿರ. ದಿನಕ್ಕೆ ಎರಡು ಜಿಬಿ ಕೊಡೋ ಸಿಮ್ಮಲ್ಲಿ ಲೆಕ್ಕ ಹಾಕಿ. ಎಪ್ಪತ್ತೈದು ದಿನ! ಆರಿದ್ರಾದಲ್ಲಿ ಶುರು ಮಾಡಿದ್ದು ಚೌತಿ ಕಡುಬಿನ ಹೊತ್ತಿಗೆ ಇಳಿಯುತ್ತೆ, ಅದೂ ಮಧ್ಯೆ ನೀವು ಒಂದೇ ಒಂದು ರೀಲ್ಸ್ ನೋಡದಿದ್ದರೆ. (ನೋಡದೆ ಇರ್ತೀರಾ? ನಾನೂ ನಂಬಲ್ಲ.)

ನಿಮ್ಮ ಲೈಬ್ರರಿ ಒಮ್ಮೆ ತೆಗೆದು ನೋಡಿ. ಒಂದು ಸಲವೂ ತೆರೆಯದ ಆಟ ಎಷ್ಟಿದೆ? ಮೊದಲ ಎರಡು ಗಂಟೆ ಆಡಿ ಬಿಟ್ಟಿದ್ದು ಎಷ್ಟು? ಎರಡು ಗಂಟೆಗಿಂತ ಕಮ್ಮಿ ಆಡಿ, ಕೊಂಡ 14 ದಿನದೊಳಗೆ ವಾಪಸ್ ಕೊಟ್ಟರೆ ಸ್ಟೀಮ್‌ನವರು ದುಡ್ಡು ತಿರುಗಿ ಕೊಡ್ತಾರೆ. ಅದನ್ನೂ ನೀವು ಮಾಡಲ್ಲ. ಯಾಕೆ? 'ಮುಂದೆ ಆಡ್ತೀನಿ.' ಅಜ್ಜಿ ಅಟ್ಟದ ಮೇಲೆ ಹಿತ್ತಾಳೆ ಪಾತ್ರೆ ಕೂಡಿಟ್ಟರೆ ನಗ್ತೀರಲ್ಲ, ಅದು ಕೊನೇ ಪಕ್ಷ ಉಪನಯನಕ್ಕಾದರೂ ಕೆಳಗಿಳೀತಿತ್ತು.

ಇನ್ನೊಂದು ಜಾತಿ ಇದೆ: ಕೊಳ್ಳದೇ ಇರೋರು. ನೀವೇ, ಹಿಂದೆ ಕೂತು ಮೀಸೆಯಲ್ಲೇ ನಗ್ತಿರೋರು. 'ಮುಂದಿನ ಮಾಡೆಲ್ ಬರಲಿ' ಅಂತ 2022ರಿಂದ ಕಾಯ್ತಿದ್ದೀರಿ. ಡೆಕ್ ಬಂದಾಗ ಓಲೆಡ್ ಪರದೆ ಬರಲಿ ಅಂದ್ರಿ, 2023ರ ನವೆಂಬರಲ್ಲಿ ಓಲೆಡ್ಡೂ ಬಂತು. ಆಲೈ ಬಂದಾಗ ಬ್ಯಾಟರಿ ಸಾಲಲ್ಲ ಅಂದ್ರಿ. ಮುಂದಿನ ವರ್ಷ ಆಲೈ ಎಕ್ಸ್‌ನಲ್ಲಿ ಬ್ಯಾಟರಿ ಎರಡು ಪಟ್ಟಾಯ್ತು, 40 ವಾಟ್-ಅವರ್ ಇದ್ದಿದ್ದು 80. ಈಗ ಎಂತ? 'ಡೆಕ್ 2 ಬರಲಿ.' ಅಡಿಕೆಯಲ್ಲೂ ನಿಮ್ಮದು ಇದೇ ಬುದ್ಧಿ ಅಲ್ವಾ? ರೇಟು ಇನ್ನೂ ಏರುತ್ತೆ ಅಂತ ಮ್ಯಾಮ್‌ಕೋಸ್ ಸೊಸೈಟಿಗೆ ಹಾಕದೆ ಇಟ್ಕೊಂಡು, ಇಳಿದ ಮೇಲೆ ಸರ್ಕಾರಕ್ಕೆ ಬೈಯೋದು.

ಹೊಗಳೋದು, ಕಾಯೋದು, ಕೊಳ್ಳದೆ ಇರೋದು. ಇದರಲ್ಲಿ ನಮಗೆ ಹಳೇ ಅನುಭವ ಇದೆ. ಕೈಯಲ್ಲಿ ಹಿಡಿಯೋ ಲಿನಕ್ಸ್ ಕಂಪ್ಯೂಟರನ್ನ ಅಮೆರಿಕದವರು ಈಗ ಕಂಡುಹಿಡಿದರು ಅಂದ್ಕೊಂಡಿದ್ದೀರಾ? ನಮ್ಮ ಬೆಂಗಳೂರಲ್ಲೇ 2001ರಲ್ಲಿ ಮಾಡಿ ತೋರಿಸಿದ್ದರು ಮಾರಾಯ್ರೆ. ಹೆಸರು ಸಿಂಪ್ಯೂಟರ್.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮುಂತಾದವರು ಸೇರಿ ಕಟ್ಟಿದ್ದು. ಲಿನಕ್ಸ್ ಓಎಸ್, 206 ಮೆಗಾಹರ್ಟ್ಸ್ ಚಿಪ್ಪು, ಮುಟ್ಟೋ ಪರದೆ. ಅಕ್ಷರ ಬಾರದವರಿಗೆ ಕನ್ನಡದಲ್ಲಿ ಓದಿ ಹೇಳ್ತಿತ್ತು. ಒಬ್ಬೊಬ್ಬರೂ ತಮ್ಮದೇ ಸ್ಮಾರ್ಟ್ ಕಾರ್ಡ್ ಇಟ್ಕೊಂಡರೆ ಊರಿಗೆಲ್ಲ ಒಂದೇ ಯಂತ್ರ ಸಾಕಿತ್ತು.

2004ರಲ್ಲಿ ಬಿಇಎಲ್ ಕಾರ್ಖಾನೆಯಿಂದ ಅಮಿಡಾ ಅನ್ನೋ ಮಾಡೆಲ್ ಬಂತು, ಕಪ್ಪು-ಬಿಳುಪಿನದಕ್ಕೆ ಹತ್ತು ಸಾವಿರದ ಹತ್ತಿರ. ಅದನ್ನ ಓರೆ ಮಾಡಿದರೆ ಅದಕ್ಕೆ ಗೊತ್ತಾಗ್ತಿತ್ತು. ಐಫೋನ್ ಹುಟ್ಟೋಕೆ ಇನ್ನೂ ಮೂರು ವರ್ಷ ಇತ್ತು! 2001ರ ಕೊನೆಗೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಇದನ್ನ ಕೊಂಡಾಡಿದ್ದರು. ನಾವೂ ಚಪ್ಪಾಳೆ ತಟ್ಟಿದ್ವಿ. 50 ಸಾವಿರ ಮಾರಬಹುದು ಅಂತ ಅಂದಾಜಿತ್ತು. 2005ರ ಹೊತ್ತಿಗೆ ಮಾರಿದ್ದು ಸುಮಾರು 4 ಸಾವಿರ. ಚಪ್ಪಾಳೆ ತಟ್ಟೋಕೆ ಎರಡೂ ಕೈ ಬೇಕಲ್ಲ, ಪರ್ಸ್ ತೆಗೆಯೋಕೆ ಕೈ ಎಲ್ಲಿಂದ ಬರಬೇಕು?

ಒಳ್ಳೆ ಓಎಸ್ ಇದ್ದರೆ ಯಂತ್ರ ಗೆಲ್ಲುತ್ತೆ ಅನ್ನೋರು ಇದನ್ನ ನೆನಪಿಟ್ಕೊಳ್ಳಿ. ಅಷ್ಟೊತ್ತಿಗೆ ಮೊಬೈಲು ಅಗ್ಗ ಆಯ್ತು, ಜನ ಅದನ್ನ ಹಿಡಿದರು. ನಾಳೆ ಈ ಗೇಮಿಂಗ್ ಪಿಸಿಗಳಿಗೂ ಅದೇ ಆಗಬಹುದು. ಹರಿಹರಪುರದ ಹುಡುಗರನ್ನ ಕೇಳಿ ನೋಡಿ: ಅವರ ಆಟ ಬಿಜಿಎಂಐ, ಅದಕ್ಕೆ ಹದಿನೈದು ಸಾವಿರದ ಮೊಬೈಲು ಸಾಕು. ನಿಮ್ಮ ಓಎಸ್ ಯುದ್ಧ ಅವರಿಗೆ ಯಾವ ಊರಿನ ಸುದ್ದಿಯೋ.

ಕನ್ನಡದ ಪ್ರಶ್ನೆ ಎತ್ತಿಬಿಟ್ಟರೆ ಗೆಲ್ಲಬಹುದು ಅಂತ ಇಬ್ಬರಿಗೂ ಆಸೆ ಇದೆ, ನೋಡಿದೀನಿ. ವಿಂಡೋಸಿನವರು 'ಎಕ್ಸ್‌ಪಿಯಲ್ಲಿ ಬಂದ ಕನ್ನಡ ಫಾಂಟಿಗೆ ನಮ್ಮ ತುಂಗೆಯ ಹೆಸರೇ ಇಟ್ಟಿದ್ದರು' ಅಂತೀರಿ. ಹೌದು, ತುಂಗಾ ಅಂತಲೇ ಇತ್ತು. ಲಿನಕ್ಸಿನವರು 'ನಮ್ಮಲ್ಲಿ ಕೇದಗೆ, ಮಲ್ಲಿಗೆ ಫಾಂಟು ಪುಕ್ಕಟೆ' ಅಂತೀರಿ. ಅದೂ ಹೌದು. ಇಬ್ಬರೂ ಈ ಜಗಳವನ್ನ ವಾಟ್ಸಾಪಲ್ಲಿ ಆಡೋದು ಯಾವ ಅಕ್ಷರದಲ್ಲಿ? ಇಂಗ್ಲಿಷಲ್ಲಿ!

ಸರಿ, ತೀರ್ಪು ಬೇಕಾ? ಒಬ್ಬರೇ ಆಡೋರಿಗೆ, ಮಧ್ಯೆ ಮಧ್ಯೆ ಕರೆಂಟು, ಅಪ್ಪ, ನೆಂಟರು ಬಂದು ತಡೆಯೋರಿಗೆ ಸ್ಟೀಮ್‌ಓಎಸ್. ಸ್ನೇಹಿತರ ಗುಂಪೆಲ್ಲ ವ್ಯಾಲರಂಟಲ್ಲಿ ಇದ್ದರೆ ವಿಂಡೋಸು, ಬೇರೆ ದಾರಿ ಇಲ್ಲ. ಇನ್ನು ಕೆಲವು ವರ್ಷಕ್ಕೆ ಎರಡೂ ಒಂದೇ ಥರ ಕಾಣ್ತವೆ, ಆನ್ ಮಾಡಿದ ಕೂಡಲೇ ಆಟ, ಒಳಗೆ ಯಾವುದಿದೆ ಅಂತ ನೀವೂ ಕೇಳಲ್ಲ. ಆಮೇಲೆ ಜಗಳಕ್ಕೆ ಎಂತ ಮಾಡ್ತೀರೋ, ಅದೇ ನನಗೆ ಚಿಂತೆ.

ಅಲ್ಲಿವರೆಗೆ ಒಂದು ಉಪಕಾರ ಮಾಡಿ. ಕೊಂಡ ಆಟಗಳಲ್ಲಿ ಒಂದು, ಒಂದೇ ಒಂದು, ಕೊನೆವರೆಗೆ ಆಡಿ ಮುಗಿಸಿ. ಮುಗಿಸಿದ ಆಟದ ಹೆಸರು ಹೇಳ್ಕೊಂಡು ಬನ್ನಿ, ಬಿಸಿ ಬನ್ಸ್ ನಾನು ಕೊಡಿಸ್ತೀನಿ. ಓಎಸ್ ವಿಷಯ ಆಮೇಲೆ ಮಾತಾಡುವ.