ಮೇಡನ್ನೂ ಮಡಿಯೂ

ನಮ್ಮ ಮನೆಯ ಬಾಗಿಲು ತೆರೆದವರಿಗೆ ಮೊದಲು ಕಾಣುವುದು ಸೆರಗು. ಮಹಡಿಯ ಕಟಾಂಜನದಿಂದ ನೆಲದ ತನಕ ಅವ್ವನ ಇಳಕಲ್ಲ ಸೀರೆ ಇಳಿಬಿದ್ದಿರುತ್ತದೆ. ಆರು ವಾರಿ ಸೀರೆಯನ್ನು ಎರಡೇ ಪದರಕ್ಕೆ ಹರವಬಹುದಾದ ಜಾಗ ಈ ಇಂಗ್ಲಿಷ್ ಮನೆಯಲ್ಲಿ ಮೆಟ್ಟಿಲೊಂದೇ. ಪಾರ್ಸೆಲ್ ತಂದ ಹುಡುಗ ಅದನ್ನು ನೋಡಿ, "ಏನಾದರೂ ಹಬ್ಬವೇ?" ಎಂದು ವಿನಯದಿಂದ ಕೇಳಿದ. ಹೌದು ಎಂದೆ. ಒಣಗಿದ ದಿನ ಹಬ್ಬ.

ನಾವಿರುವುದು ಮ್ಯಾಂಚೆಸ್ಟರಿನಲ್ಲಿ. ಅಂಕಿ ನೋಡಿದರೆ ವರ್ಷಕ್ಕೆ ಇಲ್ಲಿ ಬೀಳುವ ಮಳೆ ಬೆಂಗಳೂರಿಗಿಂತ ಕಡಿಮೆ, ಆಗುಂಬೆಯ ಮುಂದೆ ಲೆಕ್ಕಕ್ಕೇ ಇಲ್ಲ. ಆದರೆ ಆಗುಂಬೆಯ ಮಳೆ ಬಂದು, ಕುಣಿದು, ಹೋಗುತ್ತದೆ. ಇಲ್ಲಿಯದು ಸರಕಾರಿ ಕಚೇರಿಯ ಫೈಲು. ದಿನಕ್ಕಿಷ್ಟೇ ಸರಿಯುತ್ತದೆ, ಹನ್ನೆರಡೂ ತಿಂಗಳು ಸರಿಯುತ್ತದೆ. ವರ್ಷದಲ್ಲಿ ಸುಮಾರು 150 ದಿನ ಮಳೆ. ಉಳಿದ ದಿನ, ಬಂದೀತೆಂಬ ಮೋಡ.

ಈ ಹಸಿ ಹವೆಯಲ್ಲಿ ನೂಲು ತುಂಡಾಗುವುದು ಕಡಿಮೆ ಎಂದೇ ಲ್ಯಾಂಕಾಷೈರಿನಲ್ಲಿ ಹತ್ತಿ ಗಿರಣಿಗಳು ಬೆಳೆದವಂತೆ. 1861ರಲ್ಲಿ ಅಮೆರಿಕದಲ್ಲಿ ಯುದ್ಧ ಹತ್ತಿ, ಅಲ್ಲಿಯ ಹತ್ತಿ ಬರುವುದು ನಿಂತಾಗ ಇಲ್ಲಿಯ ವ್ಯಾಪಾರಿಗಳ ಕಣ್ಣು ಬಿದ್ದದ್ದು ನಮ್ಮ ಧಾರವಾಡದ ಮೇಲೆ. ನಮ್ಮ ಹತ್ತಿಯನ್ನು ಕಾರವಾರದಿಂದ ಹಡಗಿಗೆ ಹಾಕಲು ಹವಣಿಸಿದ್ದರು. ಎಳೆ ಹರಿಯದ ಊರಿನಲ್ಲಿ ಬಟ್ಟೆ ಒಣಗುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ. ಅದನ್ನು ನೂರಾ ಅರವತ್ತು ವರ್ಷದ ನಂತರ ಧಾರವಾಡದವನೊಬ್ಬ ಕೈಯಲ್ಲಿ ಹಸಿ ಬನಿಯನ್ನು ಹಿಡಿದು ಯೋಚಿಸಬೇಕಾಯಿತು.

ಮೊದಲು ನಮ್ಮಲ್ಲಿ ಒಣಗಿಸುವ ಯಂತ್ರವಿತ್ತು. ಹಳೆಯದು, ಬಿಸಿಗಾಳಿಯನ್ನು ಕೊಳವೆಯಿಂದ ಹೊರಗೆ ಊದುವಂಥದ್ದು. ಒಂದು ಸಲಕ್ಕೆ ನಾಲ್ಕೂವರೆ ಯೂನಿಟ್ ಕರೆಂಟು ನುಂಗುತ್ತಿತ್ತು. ಆಮೇಲೆ ಸ್ಮಾರ್ಟ್ ಮೀಟರ್ ಬಂತು. ಅದರ ಜೊತೆ ಬಂದ ಪುಟ್ಟ ಪರದೆಯಲ್ಲಿ ಹಸಿರು, ಹಳದಿ, ಕೆಂಪು ದೀಪ. ಅದೇ ವಾರ ನನ್ನ ಮಗಳಿಗೆ ಶಾಲೆಯಲ್ಲಿ ಪರಿಸರ ಪ್ರತಿನಿಧಿಯ ಬಿಲ್ಲೆಯೂ ಬಂತು. ಯಂತ್ರ ಸುರುವಾಗಿ ಕೆಂಪು ದೀಪ ಹತ್ತಿದ ಕೂಡಲೇ ಒಂಬತ್ತು ವರ್ಷದ ಹುಡುಗಿ ಮಹಡಿಯಿಂದ ಓಡಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಮನೆಯಲ್ಲಿ ಪರಿಸರ ಇಲಾಖೆ ತಾನಾಗಿ ಸ್ಥಾಪನೆಯಾಯಿತು. ಈಗ ಆ ಯಂತ್ರದೊಳಗೆ ಹಪ್ಪಳದ ಡಬ್ಬಿಗಳಿವೆ.

ಮುಂದಿನದು ರೇಡಿಯೇಟರ್ ಯುಗ. ಗೋಡೆಗಂಟಿದ ಬಿಸಿ ಪೆಟ್ಟಿಗೆಯ ಮೇಲೆ ಒದ್ದೆ ಟಾವೆಲು ಹಾಸಿದರೆ ಪುಕ್ಕಟೆ ಒಣಗುತ್ತದೆಂದು ನಾನು ನಂಬಿದ್ದೆ. ಪುಕ್ಕಟೆ ಎಲ್ಲಿ? ಟಾವೆಲು ಬಿಸಿಯನ್ನೆಲ್ಲ ಹೊದ್ದುಕೊಂಡು ಕೂತರೆ ಕೋಣೆ ತಣ್ಣಗೇ ಉಳಿಯುತ್ತದೆ, ಬಾಯ್ಲರ್ ಇನ್ನಷ್ಟು ಗ್ಯಾಸು ಸುಡುತ್ತದೆ. ಐದು ಕಿಲೋ ಬಟ್ಟೆಯನ್ನು ಮಷಿನ್ನು ಗಿರಗಿರ ತಿರುಗಿಸಿ ಹಿಂಡಿದ ಮೇಲೂ ಅದರಲ್ಲಿ ಎರಡು, ಎರಡೂವರೆ ಲೀಟರ್ ನೀರು ಉಳಿದಿರುತ್ತದೆ. ಅದು ಬಟ್ಟೆ ಬಿಟ್ಟಿತೇ ಹೊರತು ಮನೆ ಬಿಡಲಿಲ್ಲ. ಕಿಟಕಿಯ ಗಾಜಿನ ಮೇಲೆ ಹನಿ, ಮೂಲೆಯಲ್ಲಿ ಕಪ್ಪು ಬೂಷ್ಟು. ಮಗ ಅದರಲ್ಲಿ ಆಸ್ಟ್ರೇಲಿಯಾದ ನಕಾಶೆ ಗುರುತಿಸಿದ. ಮರುವಾರ ಪಕ್ಕದಲ್ಲಿ ನ್ಯೂಜಿಲೆಂಡೂ ಮೂಡಿತು. ನನ್ನ ಆಫೀಸಿನ ಶರ್ಟುಗಳಿಗೆ ಒಗ್ಗರಣೆಯ ಇಂಗು ಹತ್ತಿ, ಮೀಟಿಂಗಿನಲ್ಲಿ ಒಬ್ಬ ಸಹೋದ್ಯೋಗಿ ನನ್ನ ಪಕ್ಕ ಕೂತು ಹಸಿವಾಗುತ್ತಿದೆ ಎಂದ.

ಅಷ್ಟರಲ್ಲಿ ಅವ್ವ ಬಂದಳು, ಆರು ತಿಂಗಳ ವೀಸಾದ ಮೇಲೆ.

ಯಂತ್ರದ ಖರ್ಚು ಕೇಳಿದಳು. ಒಂದು ಸಲಕ್ಕೆ ಒಂದು ಪೌಂಡಿನ ಮೇಲೆ ಎಂದೆ. ಅವ್ವನ ತಲೆಯೊಳಗೆ ಪೌಂಡು ರೂಪಾಯಿಯಾಗಲು ರೆಪ್ಪೆ ಮಿಟುಕಿಸುವಷ್ಟು ಹೊತ್ತೂ ಬೇಡ. "ನೂರು ರೂಪಾಯಿ! ಅಷ್ಟ ಕೊಟ್ರ ಅರಿವಿ ಒಗದು, ಇಸ್ತ್ರಿ ಮಾಡಿ, ಮನಿಗೆ ತಂದು ಕೊಟ್ಟು, ಆರಾಮ ಇದ್ದೀರೇನ್ರಿ ಅಂತ ಕೇಳಿ ಹೋಗತಾರ." ಮೊಮ್ಮಗಳು ಅಜ್ಜಿಯನ್ನು ಅಲ್ಲೇ ಇಲಾಖೆಗೆ ಸೇರಿಸಿಕೊಂಡಳು.

ಕಿಟಕಿಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಟಾಪಟಿಯಾಯಿತು. ದಿನಕ್ಕೆ ಎರಡು ಸಲ ಹತ್ತು ನಿಮಿಷ ಕಿಟಕಿಯನ್ನು ಪೂರಾ ತೆರೆಯಬೇಕೆಂದು ಮಗಳು. "ಹೊರಗ ಮಳಿ ಬೀಳ್ಳಿಕ್ಕೆ ಹತ್ತೇದ. ಖಿಡಕಿ ತಗದ್ರ ಹಸಿ ಒಳಗ ಬರಂಗಿಲ್ಲೇನು?" ಎಂದು ಅವ್ವ. ಮಗಳು ನೋಟ್‌ಬುಕ್ಕು ತಂದಳು: 5 ಡಿಗ್ರಿಯ ಗಾಳಿ ಎಷ್ಟೇ ತುಂಬಿಕೊಂಡರೂ ಒಂದು ಘನ ಮೀಟರಿಗೆ 7 ಗ್ರಾಮಿನಷ್ಟು ನೀರೂ ಹಿಡಿಯಲಾರದು, ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದರೆ 17 ಗ್ರಾಮಿನ ತನಕ ಹೀರಬಲ್ಲದು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಂದ್ರ ಹೊರಗಿನ ಗಾಳಿ ಏಕಾದಶಿ ಮಾಡಿರ್ತದ. ಒಳಗ ಕರದು ಪಾರಣಿ ಮಾಡ್ಸಿ, ಉಂಡ ಕೂಡ್ಲೆ ಕಳಸಬೇಕು. ಕೂತು ಹರಟಿ ಹೊಡೀಲಿಕ್ಕೆ ಬಿಡಬಾರದು."

ಇಷ್ಟು ಚೆನ್ನಾಗಿ ನನಗೆ ಕಾಲೇಜಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ವಾರ ಪಕ್ಕದ ಮನೆಯ ಎಂಬತ್ತರ ಅಜ್ಜಿ ಚಹಾಕ್ಕೆ ಕರೆದರು. ಹೋಗುವಷ್ಟರಲ್ಲಿ ಅವ್ವನ ಶಾಲು ನೆನೆದಿತ್ತು. "ಪುಟ್ ಇಟ್ ಆನ್ ದ ಮೇಡನ್, ಲವ್" ಎಂದರು ಆಕೆ. ಅವ್ವ ನನ್ನ ತೋಳು ಹಿಡಿದಳು.

"ಅಕಿ ಮಡಿ ಅಂದ್ಲಲ್ಲೋ!"

"ಮಡಿ ಅಲ್ಲವ್ವಾ, ಮೇಡನ್. ಅಂದ್ರ ಕನ್ಯಾ."

"ಕನ್ಯಾದ ಮ್ಯಾಲೆ ಅರಿವಿ ಒಣಹಾಕತಾರೇನು?"

ಬಟ್ಟೆ ಒಣಗಿಸುವ ಮರದ ಚೌಕಟ್ಟಿಗೆ ಈ ಸೀಮೆಯಲ್ಲಿ ಹಾಗೆನ್ನುತ್ತಾರೆ, ಉಳಿದ ಇಂಗ್ಲೆಂಡಿನಲ್ಲಿ ಅದನ್ನೇ ಕುದುರೆ ಎನ್ನುತ್ತಾರೆ ಎಂದು ವಿವರಿಸಿದೆ. ಕುದುರೆಗಿಂತ ಮಡಿಯೇ ಛಲೋ ಎಂದಳು. ಆಮೇಲೆ ಅವಳ ಕಣ್ಣು ಅಡಿಗೆಮನೆಯ ಸೂರಿಗೆ ಹೋಯಿತು. ಅಲ್ಲಿ ನಾಲ್ಕು ಮರದ ಪಟ್ಟಿ, ಎರಡೂ ಕಡೆ ಬೀಡುಕಬ್ಬಿಣದ ಹಿಡಿ, ಗೋಡೆಯ ಕೊಕ್ಕೆಗೆ ಸುತ್ತಿದ ಹಗ್ಗ. ರಾಟೆಯ ಮೇಲೆ ಇಳಿಸಿ, ಬಟ್ಟೆ ಹಾಕಿ, ಮೇಲೆಳೆದರೆ ಆಯಿತು. ಬಿಸಿಗಾಳಿ ಹೇಗೂ ಮೇಲಕ್ಕೇ ಹೋಗುತ್ತದೆ. ಅವ್ವ ಅದರ ಕೆಳಗೆ ನಿಂತವಳು ಚಹಾ ಆರಿದರೂ ಕೂರಲಿಲ್ಲ. "ಇದು ನಮ್ಮ ಅತ್ಯಾರ ಗಳ," ಎಂದಳು.

ನಿಜ. ಧಾರವಾಡದ ಮನೆಯಲ್ಲಿ ಸೂರಿನಿಂದ ಎರಡು ಹಗ್ಗಕ್ಕೆ ಬಿದಿರಿನ ಗಳ ತೂಗುತ್ತಿತ್ತು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅಜ್ಜಿ ಮಡಿ ಸೀರೆಯನ್ನು ಕೋಲಿನಿಂದ ಅದರ ಮೇಲೆ ಹರವುತ್ತಿದ್ದಳು, ನಾವು ಹುಡುಗರು ಮುಟ್ಟಬಾರದೆಂದು. ಕೂಸಿನ ಬಟ್ಟೆಗಾದರೆ ಶೇಗಡಿಯ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕುಂಚಿಗೆ. ಇದಕ್ಕೆಲ್ಲ ಪರಿಸರಸ್ನೇಹಿ ಎಂಬ ಹೆಸರಿದೆಯೆಂದು ಅಜ್ಜಿಗೆ ತಿಳಿದಿದ್ದರೆ ಬಿಲ್ಲೆ ಕೇಳುತ್ತಿದ್ದಳೋ ಏನೋ. ಊರಿನ ಮನೆ ಮಾರುವಾಗ ಆ ಗಳವನ್ನು ನಾನೇ ಕೈಯಾರೆ ಹಿತ್ತಲಿಗೆ ಎಸೆದಿದ್ದೆ. ಇಲ್ಲಿ ಅಂಥದ್ದಕ್ಕೆ ಹತ್ತಿರ ಹತ್ತಿರ ನೂರು ಪೌಂಡು ತೆತ್ತೆ. ಅವ್ವನಿಗೆ ಮೂವತ್ತು ಎಂದಿದ್ದೇನೆ.

ಗಳ ಬಂತು, ಆದರೆ ನಾಲ್ಕು ಜನರ ಜೀನ್ಸು ಹೊರಲು ಅದೊಂದು ಸಾಲದು. ಹೆಂಡತಿ ಗಾಳಿಯ ತೇವ ಹೀರುವ ಯಂತ್ರ ತಂದಳು. ಸಣ್ಣ ಕೋಣೆಯ ಬಾಗಿಲು ಮುಚ್ಚಿ ಬಟ್ಟೆಯ ಜೊತೆ ಬಿಟ್ಟರೆ 200 ವ್ಯಾಟಿನಲ್ಲಿ ಆರು ತಾಸು ಗುಂಯ್‌ಗುಟ್ಟುತ್ತದೆ: ಒಟ್ಟು ಒಂದೂಕಾಲು ಯೂನಿಟ್ಟಿನೊಳಗೆ. ಕೋಣೆಯೂ ಬೆಚ್ಚಗಾಗುತ್ತದೆ. ಪರದೆಯ ದೀಪ ಹಸಿರು. ಇಲಾಖೆ ಒಪ್ಪಿತು. ಅದಕ್ಕೆ ಮುಂಚೆ ಬಟ್ಟೆಯನ್ನು ಮಷಿನ್ನಿನಲ್ಲಿ ಎರಡನೇ ಸಲ ಹಿಂಡಬೇಕೆಂಬ ನಿಯಮವೂ ಆಯಿತು. ನೀರನ್ನು ಕಾಯಿಸಿ ಓಡಿಸುವುದಕ್ಕಿಂತ ತಿರುಗಿಸಿ ಓಡಿಸುವುದು ಬಹಳ ಸೋವಿ.

ಯಂತ್ರದ ತೊಟ್ಟಿಯಲ್ಲಿ ಎರಡು ಲೀಟರ್ ತಿಳಿ ನೀರು ಕೂತಿತ್ತು. ಮಗಳು ಅದನ್ನು ತುಳಸಿಗೆ ಒಯ್ದಳು. ಅವ್ವ ಅಡ್ಡ ನಿಂತಳು.

"ಇದು ಎಲ್ಲೀ ನೀರು?"

"ಗಾಳಿಯದು ಅಜ್ಜಿ."

"ಗಾಳಿಗೆ ಎಲ್ಲಿಂದ ಬಂತು?"

ಮಗಳು ನನ್ನ ಕಾಲುಚೀಲದ ಕಡೆ ನೋಡಿದಳು. ಆ ನೀರು ಈಗ ಸಂಡಾಸಿಗೆ ಹೋಗುತ್ತದೆ.

ಮೊನ್ನೆ ಸೋಮವಾರ ಶರ್ಟಿಗೆಂದು ಸಣ್ಣ ಕೋಣೆಯ ಬಾಗಿಲಿಗೆ ಕೈ ಹಾಕಿದೆ. ಒಳಗಿನಿಂದ ಗುಂಯ್ ಸದ್ದು. ಬಾಗಿಲಿಗೆ ಅಡ್ಡವಾಗಿ ನೆಲ ಒರೆಸುವ ಕೋಲು, ಅಂದರೆ ನಮ್ಮ ಮನೆಯ ಈಗಿನ ಮಡಿಕೋಲು.

"ತಗೀಬ್ಯಾಡ," ಅಡಿಗೆಮನೆಯಿಂದ ಅವ್ವನ ದನಿ.

"ನನ್ನ ಅಂಗಿ ಅವ ಒಳಗ."

"ನಿನ್ನ ಅಂಗಿ ತಗದು ರೇಡಿಯೇಟರ್ ಮ್ಯಾಲೆ ಹಾಕೇನಿ. ಒಳಗ ಸಾಬೂದಾಣಿ ಸಂಡಿಗಿ ಇಟ್ಟೇನಿ. ಧಾರವಾಡದ ಬಿಸಲಿಗೂ ಇಷ್ಟು ಛಲೋ ಒಣಗಂಗಿಲ್ಲ."

ಮಗಳ ಮುಖ ನೋಡಿದೆ. ಅವಳು ಪರದೆ ತೋರಿಸಿದಳು. ಹಸಿರು.