ಹೆಬ್ಬೆಟ್ಟು ದಾನಿಗಳು

ನಮ್ಮಜ್ಜನ ಕಾಲದಲ್ಲಿ ಹೆಬ್ಬೆಟ್ಟಿಗೆ ಬೆಲೆಯಿತ್ತು. ಸಾಹುಕಾರನ ಕಾಗದದ ಮೇಲೆ ಒಮ್ಮೆ ಒತ್ತಿದರೆ ಎರಡೆಕರೆ ಗದ್ದೆ ಹೋಗುತ್ತಿತ್ತು, ಇಲ್ಲವೇ ಮಕ್ಕಳು ಮೊಮ್ಮಕ್ಕಳು ಬಡ್ಡಿ ಕಟ್ಟುತ್ತಾ ಮುದುಕರಾಗುತ್ತಿದ್ದರು. ಅದಕ್ಕೇ ಅಜ್ಜ ಪೇಟೆಗೆ ಹೋಗುವಾಗ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡೇ ಹೋಗುತ್ತಿದ್ದನಂತೆ. ನಾನು ಪದವೀಧರ. ಎರಡು ಭಾಷೆಯಲ್ಲಿ ಸಹಿ ಹಾಕಬಲ್ಲೆ. ಆದರೂ ದಿನಕ್ಕೆ ನಲವತ್ತು ಸಲ ಹೆಬ್ಬೆಟ್ಟು ಒತ್ತುತ್ತೇನೆ. ಇದುವರೆಗೆ ಒಂದು ಗುಂಟೆಯೂ ಹೋಗಿಲ್ಲ, ಒಂದು ರೂಪಾಯಿಯೂ ಖರ್ಚಾಗಿಲ್ಲ. ಅಷ್ಟೇ ಅಲ್ಲ, ಒತ್ತಿದ ಪ್ರತಿ ಸಲವೂ ನಾನು ಮೊದಲಿಗಿಂತ ಒಳ್ಳೆಯ ಮನುಷ್ಯನಾದೆ ಅನ್ನಿಸುತ್ತದೆ. ಇಷ್ಟು ಅಗ್ಗದ ಪುಣ್ಯ ಕಾಶಿಯಲ್ಲೂ ಸಿಗುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಒಂದು ರಾತ್ರಿ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಯಾರೋ ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಹೆಸರು, ‘ನಮ್ಮ ಶಾಲೆ ನಮ್ಮ ಋಣ’. ವಿಷಯ ಸರಳ. ನಾವೆಲ್ಲ ಓದಿದ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಾಡಿಗೆ ಗೆದ್ದಲು ಹಿಡಿದಿದೆ. ಪಕಾಸು, ರೀಪು ಬದಲಿಸಬೇಕು, ಒಡೆದ ಹೆಂಚು ತೆಗೆದು ಹೊಸದು ಹೊದಿಸಬೇಕು. ಬಡಗಿ ಬಂದು ನೋಡಿ 2,40,000 ರೂಪಾಯಿ ಅಂದಿದ್ದಾನೆ. ಮಳೆಗಾಲದೊಳಗೆ ಮುಗಿಯಬೇಕು. ಗುಂಪಿನಲ್ಲಿ ನಾವು 412 ಮಂದಿ. ತಲೆಗೆ ಆರುನೂರು ರೂಪಾಯಿಯೂ ಬೀಳುವುದಿಲ್ಲ. ಅದೇ ಶಾಲೆಯ ಏಳನೇ ತರಗತಿಯಲ್ಲಿ ಕಲಿಸಿದ ಭಾಗಾಕಾರ.

ಆದರೆ ಲೆಕ್ಕ ಮಾಡಿದವರು ಯಾರೂ ಇರಲಿಲ್ಲ. ಎಲ್ಲರೂ ಮೆಚ್ಚುಗೆಯ ಹೆಬ್ಬೆಟ್ಟು ಒತ್ತುವುದರಲ್ಲಿದ್ದರು.

ಮೊದಲ ವಾರ ಲೋಗೋದ ಮೇಲೆ ಹೋಯಿತು. ಸೋರುವ ಮಾಡಿಗೆ ಲೋಗೋ ಏಕೆ ಎಂದು ಕೇಳಿದವನನ್ನು ‘ನೆಗೆಟಿವ್’ ಎಂದು ಗುರುತಿಸಲಾಯಿತು. ಲೋಗೋದಲ್ಲಿ ಶಾಲೆ ಇರಬೇಕೋ, ಶಾಲೆಯ ಮುಂದಿನ ನೇರಳೆ ಮರ ಇರಬೇಕೋ, ಸರಸ್ವತಿ ಇರಬೇಕೋ ಎಂದು ಮತದಾನವಾಯಿತು. ಇಡೀ ಮೂರು ತಿಂಗಳಲ್ಲಿ ಅತಿ ಹೆಚ್ಚು ಜನ ಭಾಗವಹಿಸಿದ ಕಾರ್ಯಕ್ರಮ ಅದೇ. ನೇರಳೆ ಮರ ಗೆದ್ದಿತು. ಸೋತ ಪಕ್ಷದ ಒಂಬತ್ತು ಮಂದಿ ಗುಂಪು ಬಿಟ್ಟುಹೋಗಿ ‘ನಮ್ಮ ಶಾಲೆ ನಮ್ಮ ಋಣ (ಅಸಲಿ)’ ಎಂಬ ಇನ್ನೊಂದು ಗುಂಪು ಕಟ್ಟಿ, ನಮ್ಮನ್ನೆಲ್ಲ ಅದಕ್ಕೂ ಸೇರಿಸಿದರು. ಒಂದೇ ಗೆದ್ದಲಿಗೆ ಎರಡು ಗುಂಪು.

ಎರಡನೇ ವಾರ ಅಡ್ಮಿನ್‌ಗಳ ನೇಮಕ. ಒಟ್ಟು ಏಳು ಜನ. ಊರಿನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಂತ ಒಂದಿದೆ, ಅದರ ಸದಸ್ಯರಾಗಬೇಕಾದರೆ ತಿಂಗಳ ಸಭೆಗೆ ಹೋಗಬೇಕು, ಬಿಸಿಯೂಟದ ಅಕ್ಕಿ ನೋಡಬೇಕು, ಶೌಚಾಲಯದ ಬಾಗಿಲು ರಿಪೇರಿ ಮಾಡಿಸಬೇಕು. ಅಡ್ಮಿನ್ ಆಗಲು ಇವು ಯಾವುವೂ ಬೇಕಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಸೂರ್ಯೋದಯದ ಚಿತ್ರ ಕಳಿಸಿದರೆ ಸಾಕು.

ಮೂರನೇ ವಾರದಲ್ಲಿ, ಅಂತೂ ಇಂತೂ, ಚಂದಾ ಪಟ್ಟಿ ಹೊರಟಿತು. ಈ ಪಟ್ಟಿಯ ಕ್ರಮ ನಿಮಗೂ ಗೊತ್ತಿದ್ದೀತು. ಮೊದಲನೆಯವರು ‘1’ ಎಂದು ಹಾಕಿ ಹೆಸರು, ಮೊತ್ತ ಬರೆಯುತ್ತಾರೆ. ಎರಡನೆಯವರು ಅದನ್ನು ನಕಲು ಮಾಡಿ ಕೆಳಗೆ ತಮ್ಮದನ್ನು ಸೇರಿಸುತ್ತಾರೆ. ಹದಿನೆಂಟರವರೆಗೆ ಚೆನ್ನಾಗಿಯೇ ನಡೆಯಿತು. ಹತ್ತೊಂಬತ್ತನೆಯವರು ಹಳೆಯ ಪಟ್ಟಿಯನ್ನು ನಕಲು ಮಾಡಿದರು. ನಡುವೆ ಆರು ದಾನಿಗಳು ಮಾಯವಾದರು. ಮಾಯವಾದವರು ಸುಮ್ಮನಿರುತ್ತಾರೆಯೇ? “ನಮ್ಮ ಹೆಸರನ್ನು ಬೇಕೆಂದೇ ತೆಗೆಯಲಾಗಿದೆ” ಎಂದರು. ಒಬ್ಬರು ಜಾತಿಯನ್ನು ತಂದರು, ಇನ್ನೊಬ್ಬರು 1994ರ ಕಬಡ್ಡಿ ಪಂದ್ಯದ ತೀರ್ಪನ್ನು ತಂದರು. ಆ ರಾತ್ರಿ ಬಂದ ಸಂದೇಶಗಳು 268. ಬಂದ ಹಣ 501.

501 ಅಂದ ಕೂಡಲೇ ನಮ್ಮ ಕ್ಯಾಲಿಫೋರ್ನಿಯಾದ ಗೆಳೆಯ ಎಚ್ಚರಗೊಂಡ. ಅಲ್ಲಿ ಅವನಿಗೆ ಬೆಳಗಾಗಿತ್ತು. “ಇದು 501(ಸಿ)(3) ಸಂಸ್ಥೆಯೇ?” ಎಂದು ಕೇಳಿದ. ಅಮೆರಿಕದ ತೆರಿಗೆ ಕಾನೂನಿನಲ್ಲಿ ದತ್ತಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಕಲಮು ಅದು. ನಮಗೆ 501 ಅಂದರೆ ಮದುವೆ ಮುಯ್ಯಿ, ಅವನಿಗೆ ಕಾನೂನು. ಅಲ್ಲಿಂದ ಚರ್ಚೆ ನಮ್ಮ ಆದಾಯ ತೆರಿಗೆ ಕಾಯ್ದೆಯ 80ಜಿಗೆ ಬಂತು. ನೋಂದಣಿಯಿಲ್ಲದ ವಾಟ್ಸಾಪ್ ಗುಂಪಿಗೆ 80ಜಿ ಎಲ್ಲಿಂದ ಬರಬೇಕು? ಇದ್ದರೂ ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ ಎಂದು ನಮ್ಮ ಲೆಕ್ಕಪರಿಶೋಧಕ ಮಿತ್ರ ವಿವರಿಸಿದ. ಗೆಳೆಯ ಅಮೆರಿಕದ ಪ್ರಜೆಯಾಗಿಬಿಟ್ಟಿರುವುದರಿಂದ 2010ರ ವಿದೇಶಿ ವಂತಿಗೆ ಕಾಯ್ದೆಯ ಪ್ರಕಾರ ಅವನು ‘ವಿದೇಶಿ ಮೂಲ’ ಎಂದು ವಕೀಲ ಮಿತ್ರನೊಬ್ಬ ತಿಳಿಸಿದ. ನೇರಳೆ ಮರದಡಿ ನಮ್ಮ ಜೊತೆ ಗೋಲಿ ಆಡಿದವನು ರಾತ್ರಿ ಬೆಳಗಾಗುವುದರೊಳಗೆ ವಿದೇಶಿ ಮೂಲನಾದ. ಪಾಪ, ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಕೈಮುಗಿದ ಎಮೋಜಿ ಹಾಕಿ ಮಲಗಿದ. ಎಮೋಜಿಗೆ ವಿದೇಶಿ ವಂತಿಗೆ ಕಾಯ್ದೆ ಅನ್ವಯಿಸುವುದಿಲ್ಲ.

ಕ್ರೌಡ್‌ಫಂಡಿಂಗ್ ತಾಣಕ್ಕೆ ಹೋಗೋಣ ಎಂಬ ಸಲಹೆಯೂ ಬಂತು. ಹೋಗಿ ನೋಡಿದೆವು. ಇಂಥ ಕೆಲವು ತಾಣಗಳಲ್ಲಿ ನೀವು ದಾನದ ಮೊತ್ತ ಬರೆಯುತ್ತಿದ್ದಂತೆ ಕೆಳಗೆ ತಾಣಕ್ಕೊಂದು ‘ಟಿಪ್’ ತಾನಾಗಿಯೇ ಸೇರಿಕೊಂಡಿರುತ್ತದೆ. ಬೇಡವೆಂದರೆ ನೀವೇ ಹುಡುಕಿ ಸೊನ್ನೆ ಮಾಡಬೇಕು. ನಮ್ಮೂರ ಜಾತ್ರೆಯ ಹುಂಡಿಯ ಪಕ್ಕ ಕೂತ ಪೂಜಾರಪ್ಪ ತಟ್ಟೆಯನ್ನು ಮೆಲ್ಲಗೆ ಮುಂದೆ ತಳ್ಳುತ್ತಾನಲ್ಲ, ಅದರ ಇಂಟರ್ನೆಟ್ ಅವತಾರ.

ಆಮೇಲೆ ಬಂದದ್ದು ಯುವ ಪೀಳಿಗೆ. ಒಬ್ಬ ಹುಡುಗ ಡ್ರೋನ್ ತಂದು ಶಾಲೆಯ ಮೇಲೆ ಹಾರಿಸಿ ರೀಲ್ಸ್ ಮಾಡಿದ. ಹಾಡು, ಮಂಜು, ನಿಧಾನಗತಿಯಲ್ಲಿ ಓಡುವ ಮಕ್ಕಳು. ಮೇಲಿನಿಂದ ನೋಡಿದರೆ ಒಡೆದ ಹೆಂಚು ಕೂಡ ಕಣ್ಣಿಗೆ ತಂಪಾಗಿಯೇ ಕಾಣುತ್ತದೆ. ನಲವತ್ತು ಸಾವಿರ ಜನ ನೋಡಿದರು. ಕಾಮೆಂಟುಗಳಲ್ಲಿ ಹೆಚ್ಚಿನವರು ಕೇಳಿದ್ದು, “ಬ್ರೋ, ಇದು ಯಾವ ಜಾಗ? ಹೋಂಸ್ಟೇ ಇದೆಯಾ?”

ಫೆಬ್ರುವರಿ ಮೊದಲ ವಾರಕ್ಕೆ ಒಟ್ಟು ಲೆಕ್ಕ ಹೀಗಿತ್ತು: ಗುಂಪುಗಳು ಎರಡು, ಲೋಗೋ ಒಂದು, ಅಡ್ಮಿನ್‌ಗಳು ಏಳು, ಹೆಬ್ಬೆಟ್ಟುಗಳು ಎಣಿಕೆಗೆ ಮೀರಿದ್ದು. ಹಣ ಕೊಟ್ಟವರು 35 ಜನ, ತಲಾ 501ರಂತೆ 17,535 ರೂಪಾಯಿ. ಆ ಮೂವತ್ತೈದರಲ್ಲಿ ನಾನಿರಲಿಲ್ಲ. ನಾನು ಪಟ್ಟಿ ಸರಿಹೋಗಲೆಂದು ಕಾಯುತ್ತಿದ್ದೆ. ಹೆಬ್ಬೆಟ್ಟು ಮಾತ್ರ ತಪ್ಪದೆ ಒತ್ತಿದ್ದೆ.

ಇಷ್ಟು ಕೇಳಿ ಈ ಫೇಸ್‌ಬುಕ್ಕು, ಬ್ಲಾಗು, ವಾಟ್ಸಾಪುಗಳಿಂದ ಕಾಸು ಹುಟ್ಟುವುದೇ ಇಲ್ಲ ಎಂದು ಷರಾ ಬರೆಯಬೇಡಿ. ಹುಟ್ಟಿದೆ. ನಮ್ಮ ಕನ್ನಡದಲ್ಲೇ ಹುಟ್ಟಿದೆ. ನಿರ್ದೇಶಕ ಪವನ್ ಕುಮಾರ್ ತಮ್ಮ ಎರಡನೇ ಚಿತ್ರಕ್ಕೆ ನಿರ್ಮಾಪಕರು ಸಿಗದಾಗ ತಮ್ಮ ಬ್ಲಾಗಿನಲ್ಲಿ ಬರೆದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಹೂಡಿದರು. ‘ಲೂಸಿಯಾ’ 2013ರಲ್ಲಿ ತೆರೆಕಂಡಿತು, ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಆ ಬರಹಕ್ಕೆ ಲೋಗೋ ಚರ್ಚೆ ಬೇಕಾಗಲಿಲ್ಲ. ಕೇಳಿದವನು ಯಾರು, ಯಾವ ಕೆಲಸಕ್ಕೆ, ಎಷ್ಟು ಬೇಕು ಎಂಬುದು ಓದಿದವರಿಗೆಲ್ಲ ಗೊತ್ತಿತ್ತು.

ಅದಕ್ಕೂ ಬಹಳ ಹಿಂದೆ, 1976ರಲ್ಲಿ, ಶ್ಯಾಮ್ ಬೆನೆಗಲ್ಲರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟಿದ್ದರು. ಆಗ ನೆಟ್‌ವರ್ಕ್ ಅಂದರೆ ಹಾಲಿನ ಸಂಘ. ದಿನಕ್ಕೆರಡು ಸಲ ಕ್ಯಾನು ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ಜನ ಅವರು.

ಇನ್ನು 2014ರ ಐಸ್ ಬಕೆಟ್ ಚಾಲೆಂಜ್. ತಲೆಯ ಮೇಲೆ ಐಸ್ ನೀರು ಸುರಿದುಕೊಂಡು ವಿಡಿಯೊ ಹಾಕುವ ಆಟ. ನಾವೆಲ್ಲ ನಕ್ಕೆವು. ಆದರೆ ಆ ಬೇಸಿಗೆಯಲ್ಲಿ ಅಮೆರಿಕದ ಎಎಲ್‌ಎಸ್ ಸಂಸ್ಥೆಗೆ 11 ಕೋಟಿ 50 ಲಕ್ಷ ಡಾಲರ್ ಬಂತು. ನರಕೋಶಗಳನ್ನು ಕೊಲ್ಲುವ ಎಎಲ್‌ಎಸ್ ರೋಗದ ಸಂಶೋಧನೆಗೆ ಅದರಲ್ಲೊಂದು ಭಾಗ ಹೋಯಿತು, 2016ರಲ್ಲಿ ರೋಗಕ್ಕೆ ಸಂಬಂಧಿಸಿದ ಒಂದು ವಂಶವಾಹಿಯನ್ನು ಗುರುತಿಸಲು ಅದು ನೆರವಾಯಿತು. ಅದೇ ವರ್ಷ, 2014ರಲ್ಲಿ, ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ, ನೀರು ಚೆಲ್ಲುವುದೇಕೆ, ಒಂದು ಬಕೆಟ್ ಅಕ್ಕಿಯನ್ನು ಹಸಿದವರಿಗೆ ಕೊಡಿ ಎಂದು ‘ರೈಸ್ ಬಕೆಟ್ ಚಾಲೆಂಜ್’ ಶುರು ಮಾಡಿದರು. ಅದೂ ಹರಡಿತು.

ಐಸ್ ಬಕೆಟ್ಟಿನ ಗುಟ್ಟು ಐಸಿನಲ್ಲಿರಲಿಲ್ಲ. ನೀರು ಸುರಿದುಕೊಂಡವನು ಕೊನೆಗೆ ಮೂವರ ಹೆಸರು ಹೇಳಬೇಕಿತ್ತು: ನೀನು, ನೀನು, ನೀನು, ಇಪ್ಪತ್ನಾಲ್ಕು ಗಂಟೆಯೊಳಗೆ. ಅಂದರೆ ನಮ್ಮ ಗಣಪತಿ ಚಂದಾ ಹುಡುಗರು ತಲೆತಲಾಂತರದಿಂದ ಮಾಡುತ್ತ ಬಂದದ್ದನ್ನೇ ಅವರು ಮಾಡಿದ್ದು. ಹತ್ತು ಹುಡುಗರು ರಸೀದಿ ಪುಸ್ತಕ ಹಿಡಿದು ಹೊಸ್ತಿಲ ಮುಂದೆ ನಿಂತು “ಅಂಕಲ್, ಪಕ್ಕದ ಮನೆಯವರು ಸಾವಿರದೊಂದು ಬರೆಸಿದ್ದಾರೆ” ಅಂದರೆ ಯಾವ ಗಂಡಸು ಮ್ಯೂಟ್ ಬಟನ್ ಹುಡುಕಿಯಾನು? ಇಳಕಲ್ಲಿನ ಮಹಾಂತ ಸ್ವಾಮೀಜಿ ಕೂಡ ಹೀಗೆಯೇ ಜೋಳಿಗೆ ಹಿಡಿದು ಮನೆ ಮನೆಗೆ ಹೋದರು; ಹಣ ಕೇಳಲಿಲ್ಲ, ಜನರ ದುಶ್ಚಟ ಕೇಳಿದರು. ಬಾಗಿಲಲ್ಲಿ ನಿಂತವರಿಗೆ ಜನ ಕುಡಿತವನ್ನೂ ಬಿಟ್ಟುಕೊಟ್ಟರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ದಿನ ನಾವು ಏನು ಮಾಡುತ್ತೇವೆ? ‘ವ್ಯಸನಮುಕ್ತರಾಗೋಣ’ ಎಂದು ಸ್ಟೇಟಸ್ ಹಾಕಿ, ಎಷ್ಟು ಜನ ನೋಡಿದರು ಎಂದು ಐದು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತೇವೆ.

ನಮ್ಮ ಗುಂಪಿನಲ್ಲಿ ಒಂದು ಸಲವೂ ಬಾಯಿ ಬಿಡದವರೊಬ್ಬರಿದ್ದರು. ಗಣಿತದ ಮೇಷ್ಟ್ರು, ನಿವೃತ್ತರಾಗಿ ಹದಿನೇಳು ವರ್ಷವಾಗಿತ್ತು. ಅವರ ಮೊಮ್ಮಗಳು ಅವರನ್ನು ಸೇರಿಸಿದ್ದಳಂತೆ. ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು.

“ಏನಯ್ಯಾ, ಏಳರ ಮಗ್ಗಿ ಈಗಲಾದರೂ ಬರುತ್ತದೋ?”

ಐವತ್ತು ದಾಟಿದ ನಾನು ಸೋಫಾದಿಂದ ಎದ್ದು ನಿಂತೆ. “ಬರುತ್ತೆ ಸಾರ್.”

“ಹಾಗಾದರೆ ಲೆಕ್ಕ ಕೇಳು. ನಿಮ್ಮ ತಂಡದಲ್ಲಿ ಇಪ್ಪತ್ತಾರು ಹುಡುಗರು. ಮೂವರು ತೀರಿಕೊಂಡರು. ನಾಲ್ಕು ಜನಕ್ಕೆ ಕೊಡುವ ಶಕ್ತಿಯಿಲ್ಲ, ಅವರನ್ನು ನಾನು ಕೇಳುವುದಿಲ್ಲ, ನೀವೂ ಕೇಳಕೂಡದು. ಉಳಿದವರ ಪಾಲು ಹೇಳುತ್ತೇನೆ, ಬರೆದುಕೋ. ನಿನ್ನದು ಐದು ಸಾವಿರ. ಗುರುವಾರದೊಳಗೆ.”

ಪಟ್ಟಿ ಸರಿಹೋಗಲಿ ಸಾರ್ ಎನ್ನಲು ಬಾಯಿ ಬರಲಿಲ್ಲ. ಬುಧವಾರವೇ ಕಳಿಸಿದೆ. ಎಸ್‌ಡಿಎಂಸಿ ಖಾತೆಗೆ ನೇರ, ರಸೀದಿ ಅಂಚೆಯಲ್ಲಿ ಬಂತು.

ಮೇಷ್ಟ್ರ ಬಳಿ ಡ್ರೋನ್ ಇರಲಿಲ್ಲ. ಹಳೆಯ ಹಾಜರಿಯೆಲ್ಲ ತಲೆಯಲ್ಲಿತ್ತು. ಯಾರ ಮಗಳ ಮದುವೆ ಈಗಷ್ಟೇ ಆಯಿತು, ಯಾರಿಗೆ ಕಾಫಿ ಬೆಲೆ ಏರಿ ಕೈಯಲ್ಲಿ ಕಾಸಿದೆ, ಯಾರು ಸೈಟು ಕೊಂಡರು, ಎಲ್ಲ ಗೊತ್ತಿತ್ತು. ನಾವು ‘ನೆಟ್‌ವರ್ಕಿಂಗ್’ ಎಂದು ದುಡ್ಡು ಕೊಟ್ಟು ಕಲಿಯುವ ವಿದ್ಯೆಯನ್ನು ಅವರು ನಲವತ್ತು ವರ್ಷ ಪುಕ್ಕಟೆ ಮಾಡಿದ್ದರು. ದಿನಕ್ಕೆ ಐದಾರು ಜನರಿಗೆ ಫೋನು, ಮೂರು ವಾರ. ಒಟ್ಟು ಸಂಗ್ರಹ 2,09,000ಕ್ಕೆ ಬಂತು.

ಮಾರ್ಚ್ ಕೊನೆಗೆ ಮೇಷ್ಟ್ರು ಗುಂಪಿನಲ್ಲಿ ತಮ್ಮ ಮೊದಲ ಸಂದೇಶ ಹಾಕಿದರು. ಕೈಬರಹದ ಒಂದು ಹಾಳೆಯ ಫೋಟೊ. ಹೆಂಚಿಗೆ ಎಷ್ಟು, ಮರಕ್ಕೆ ಎಷ್ಟು, ಬಡಗಿಗೆ ಮುಂಗಡ ಎಷ್ಟು, ಲಾರಿ ಬಾಡಿಗೆ ಎಷ್ಟು, ಕೊಟ್ಟವರ ಹೆಸರು ಅಕಾರಾದಿಯಲ್ಲಿ. ಮೊತ್ತದ ಪ್ರಕಾರವಲ್ಲ. ಕೆಳಗೆ ಒಂದು ಸಾಲು: ‘ಫೋನ್ ರೀಚಾರ್ಜ್ 239 ರೂ., ಸ್ವಂತ.’

ಮೂರು ತಿಂಗಳಲ್ಲಿ ಆ ಗುಂಪಿನಲ್ಲಿ ಬಂದ ಒಂದೇ ಒಂದು ಉಪಯುಕ್ತ ಸಂದೇಶ ಅದು. ಹೆಬ್ಬೆಟ್ಟು ಬಿದ್ದದ್ದು ನಾಲ್ಕು. ಅದೇ ದಿನ ಒಬ್ಬ ಅಡ್ಮಿನ್ ತನ್ನ ಹುಟ್ಟುಹಬ್ಬದ ಕೇಕಿನ ಚಿತ್ರ ಹಾಕಿದ್ದ. ಅದಕ್ಕೆ ನೂರ ತೊಂಬತ್ತು.

ಆ ನಾಲ್ಕರಲ್ಲಿ ನನ್ನದಿಲ್ಲ. ಒತ್ತಲು ಹೋದವನು ಕೈ ಹಿಂದೆ ತೆಗೆದುಕೊಂಡೆ. ಅಜ್ಜನ ಹಾಗೆ.

ಮಾಡಿನ ಕೆಲಸ ಮುಕ್ಕಾಲು ಮುಗಿದಿದೆ. ಏಳನೇ ತರಗತಿಯ ಕೋಣೆಯ ಮೇಲೆ ಇನ್ನೂ ಹೆಂಚು ಕೂತಿಲ್ಲ. ಬಾಕಿ 31,000 ರೂಪಾಯಿ, ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ನಮ್ಮ ಕಡೆ ಇಳಿಯುತ್ತದೆ. ಮೇಷ್ಟ್ರ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಹೆಸರಿವೆಯಂತೆ. ಆ ಹನ್ನೊಂದು ಜನ ಈ ಭಾನುವಾರ ಫೋನ್ ಸ್ವಿಚ್ ಆಫ್ ಮಾಡದಿದ್ದರೆ ಸಾಕು.

ಓದುಗರೇ, ಈ ಬರಹ ಹಿಡಿಸಿದರೆ ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ. ನಿಮ್ಮೂರಿನಲ್ಲೂ ಒಂದು ಶಾಲೆ ಇದ್ದೀತು. ಮುಂದಿನ ಸಲ ಊರಿಗೆ ಹೋದಾಗ ಒಳಗೆ ಹೋಗಿ, ತಲೆಯೆತ್ತಿ ಒಮ್ಮೆ ಮಾಡು ನೋಡಿ. ಬಿಸಿಲಿನ ಚುಕ್ಕೆಗಳು ಕಂಡರೆ ಎಣಿಸಿಕೊಂಡು ಬನ್ನಿ. ಆಮೇಲೆ ನಿಮ್ಮ ತಂಡದ ಒಬ್ಬೊಬ್ಬರಿಗೂ ಫೋನು ಮಾಡಿ.