ಅಜ್ಜಿಯ ಉಸಾಬರಿ

ಊರವರ ಉಸಾಬರಿಗೆ ಹೋಗುವವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂಬ ಕಾನೂನೇನಾದರೂ ಇದ್ದರೆ ನಮ್ಮ ಅಜ್ಜಿ ಇನ್ನೂ ಬಾಗಿಲಲ್ಲೇ ನಿಂತಿರಬೇಕು. ನಿಂತರೂ ಸುಮ್ಮನೆ ನಿಲ್ಲುವ ಪೈಕಿಯಲ್ಲ. ಬೀಗದಕೈ ಹಿಡಿದ ಪೇತ್ರನನ್ನೇ, "ನಿಮ್ಮ ಅತ್ತೆಗೆ ಜ್ವರ ಇತ್ತಲ್ಲ, ಆಮೇಲೆ ಪುನಃ ಬರಲಿಲ್ಲವಷ್ಟೆ?" ಎಂದು ವಿಚಾರಿಸಿ, ಆತ ಉತ್ತರ ಹುಡುಕುವುದರೊಳಗೆ ಒಳಗೆ ನುಗ್ಗಿರುತ್ತಾರೆ. ಬೈಬಲಿನಲ್ಲಿ ಬೇರೆಯವರು ಉಪದೇಶ ಓದುತ್ತಿದ್ದರು. ಅಜ್ಜಿ ಓದುತ್ತಿದ್ದದ್ದು ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದನ್ನು.

ನಮ್ಮದು ಉಡುಪಿಯ ಹಳೇ ಬಾಸೆಲ್ ಮಿಷನ್ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಷನಿನವರು ಕರಾವಳಿಗೆ ಶಾಲೆ ಕೊಟ್ಟರು, ಮಗ್ಗ ಕೊಟ್ಟರು, ಅಚ್ಚುಕೂಟ ಕೊಟ್ಟರು, ಮನೆಮನೆಯ ಮಾಡಿಗೆ ಕೆಂಪು ಹಂಚು ಕೊಟ್ಟರು. ಅಜ್ಜಿಗೆ ಮಾತ್ರ ಅವರ ಗಡಿಯಾರದ ಹುಚ್ಚು ಬಂತು. ಆರಾಧನೆಯ ಮೊದಲ ಗಂಟೆ ಹೊಡೆಯುವಾಗ ಅವರು ಬೆಂಚಿನಲ್ಲಿ ಕುಳಿತು ಸಂಗೀತ ಪುಸ್ತಕ ಬಿಡಿಸಿಯಾಗಿರುತ್ತಿತ್ತು. ತಡವಾಗಿ ಬಂದವರು ಪಾಪಪರಿಹಾರವನ್ನು ದೇವರಲ್ಲಿ ಬೇಡುವ ಮೊದಲು ಅಜ್ಜಿಯ ಕಣ್ಣು ತಪ್ಪಿಸಬೇಕಿತ್ತು. ಮುಂದೆ ಸಭೆಗೆ ಸಿ.ಎಸ್.ಐ. ಎಂಬ ಬೋರ್ಡು ಬಂದರೂ ಅಜ್ಜಿಯ ಬಾಯಲ್ಲಿ ಕೊನೆತನಕ ಅದು ಬಾಸೆಲ್ ಮಿಷನ್ನೇ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಇದೇ ಮಿಷನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದರೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಪಾಪ, ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಅಜ್ಜಿಯ ಸಮಾಚಾರ ದಿನಪತ್ರಿಕೆ. ಬೆಳಿಗ್ಗೆ ಮೀನಿನವಳು ಬಂದಾಗ ಒಂದು ಆವೃತ್ತಿ, ಸಂಜೆ ಚಾಕ್ಕೆ ಇನ್ನೊಂದು. "ಇದೆಲ್ಲ ಚಾಡಿಯಲ್ಲವಾ ಅಜ್ಜಿ?" ಎಂದು ಕೆಣಕಿದರೆ, "ಚಾಡಿ ಎಂತದ್ದು ಮಾರಾಯ, ಪ್ರಾರ್ಥನೆಗೆ ವಿಷಯ ಬೇಡವಾ?" ಎನ್ನುತ್ತಿದ್ದರು.

ವಿಷಯಕ್ಕೆ ಬರವಿರಲಿಲ್ಲ. ರಾತ್ರಿಯ ಮನೆಪ್ರಾರ್ಥನೆಯಲ್ಲಿ ಅಜ್ಜಿ ಕಣ್ಣು ಮುಚ್ಚಿದರೆಂದರೆ ನಮಗೆ ಹಸಿವು ಶುರು. ಮೊದಲು ಮನೆಮಂದಿ, ವಯಸ್ಸಿನ ಪ್ರಕಾರ. ನಮ್ಮ ಕಡಿಮೆ ಮಾರ್ಕುಗಳು ದೇವರಿಗೆ ವಿಷಯವಾರು ವರದಿಯಾಗುತ್ತಿದ್ದವು. ಆಮೇಲೆ ಬೊಂಬಾಯಿಯ ಚಿಕ್ಕಪ್ಪ, ಪತ್ರ ಬರೆಯದ ಅವರ ಸೋಮಾರಿತನದ ಸಮೇತ. ಆಮೇಲೆ ಕೇರಿಯ ಬಸುರಿಯರು, ಕೆಲಸ ಹೋದವರು, ಮುನಿಸಿಕೊಂಡ ಅತ್ತೆ ಸೊಸೆಯರು. ಆ ಪಟ್ಟಿಯಲ್ಲಿ ಸಭೆಯವರು, ದೇವಸ್ಥಾನದ ಬೀದಿಯವರು, ಮಲ್ಪೆಯ ಬೋಟಿನವರು ಎಂಬ ಭೇದವಿರಲಿಲ್ಲ. ಆಮೆನ್ ಬರುವಷ್ಟರಲ್ಲಿ ಕುಚ್ಚಲಕ್ಕಿ ಗಂಜಿ ತಣ್ಣಗಾಗಿ ಕೆನೆ ಕಟ್ಟಿರುತ್ತಿತ್ತು.

ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಅಜ್ಜಿ ಅಧ್ಯಕ್ಷೆಯಾಗಲು ಒಪ್ಪಿದವರಲ್ಲ. ಅಧ್ಯಕ್ಷೆ ಭಾಷಣ ಮಾಡಬೇಕು, ಆಗ ಬೇರೆಯವರ ಮಾತು ಕೇಳುವುದಕ್ಕಾಗುವುದಿಲ್ಲವಲ್ಲ! ಹಿಂದಿನ ಸಾಲಿನಲ್ಲಿ ಕೂತು ಯಾರ ಸೀರೆ ಹೋದ ವರ್ಷದ್ದೇ, ಯಾರ ಕೈಬಳೆ ಮಾಯವಾಗಿದೆ ಎಂದು ನೋಡುತ್ತಿದ್ದರು. ನೋಡಿ ಸುಮ್ಮನಿದ್ದರೆ ಅದು ಬರೀ ಕೆಟ್ಟ ಬುದ್ಧಿ. ಅಜ್ಜಿ ಮರುದಿನ ಒಂದು ಸೇರು ಅಕ್ಕಿ, ನಾಲ್ಕು ತೆಂಗಿನಕಾಯಿ ಹಿಡಿದು ಆ ಮನೆಗೆ ಹೋಗಿ, "ನಮ್ಮಲ್ಲಿ ಹೆಚ್ಚಾಯಿತು, ಹುಳ ಹಿಡಿಯುತ್ತದೆ" ಎಂದು ಸುಳ್ಳು ಹೇಳಿ ಬರುತ್ತಿದ್ದರು. ಹತ್ತು ಆಜ್ಞೆಗಳಲ್ಲಿ ಒಂದನ್ನು ಅವರು ಹೀಗೆ ವಾರವಾರ ಮೀರುತ್ತಿದ್ದರು.

ಅಜ್ಜಿಯ ಪ್ರತಿಭೆ ಬೆಳಗುತ್ತಿದ್ದದ್ದು ಸುಗ್ಗಿ ಹಬ್ಬದ ಏಲಂನಲ್ಲಿ. ಜನ ತಂದ ಬಾಳೆಗೊನೆ, ಮಟ್ಟುಗುಳ್ಳ, ಕಾಲು ಕಟ್ಟಿದ ಹುಂಜ ಎಲ್ಲವನ್ನೂ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕೂಗುವುದು ವಾಡಿಕೆ. ಸಾಹುಕಾರರೊಬ್ಬರು ಹುಂಜಕ್ಕೆ ಸಣ್ಣ ಮೊತ್ತ ಕೂಗಿ ಆಚೆ ನೋಡಿದರೆ ಅಜ್ಜಿಯ ಸ್ವರ ಕೇಳುತ್ತಿತ್ತು: "ಮಗ ದುಬೈಯಿಂದ ಬಂದಿದ್ದಾನಂತೆ, ದೊಡ್ಡ ಪೆಟ್ಟಿಗೆಯೂ ಬಂದಿದೆಯಂತೆ!" ಹುಂಜದ ಬೆಲೆ ಆಡಿನ ಬೆಲೆಗೆ ಏರುತ್ತಿತ್ತು. ಇಲ್ಲದವರು ನಾಚಿಕೆಗೆ ಬಿದ್ದು ಹೆಚ್ಚು ಕೂಗಹೊರಟರೆ ಮಾತ್ರ ಅದೇ ಅಜ್ಜಿ ಕೆಮ್ಮಿ, "ಅದು ನನಗೆ ಬೇಕು" ಎಂದು ತಾವೇ ಕೊಂಡುಬಿಡುತ್ತಿದ್ದರು. ಯಾರ ಜೇಬಿನಲ್ಲಿ ಎಷ್ಟಿದೆ ಎಂದು ಖಜಾಂಚಿಗೂ ಅಷ್ಟು ಗೊತ್ತಿರಲಿಲ್ಲ.

ಸ್ವಿಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಉಡುಪಿಯಲ್ಲಿ 1923ರಲ್ಲಿ ಶುರುಮಾಡಿದ ಮಿಷನ್ ಆಸ್ಪತ್ರೆ ಅಜ್ಜಿಗೆ ತವರುಮನೆಯಿದ್ದ ಹಾಗೆ. ನೆಂಟರ ಬಾಣಂತಿಯನ್ನು ನೋಡಲು ಹೋದವರು ಇಡೀ ವಾರ್ಡಿನ ಜಾತಕ ತಿಳಿದು ಬರುತ್ತಿದ್ದರು. "ಎಂಚ ಉಲ್ಲರ್?" ಎಂದು ತುಳುವಿನಲ್ಲಿ ಒಂದು ಸಲ ಕೇಳಿದರೆ ಸಾಕು, ಎಂಥ ಮೌನಿ ರೋಗಿಯೂ ಬಾಯಿಬಿಡುತ್ತಿದ್ದ. ಮರುದಿನ ಟಿಫಿನ್ ಕ್ಯಾರಿಯರ್ ಹೊರುವ ಪಾಲು ನಮ್ಮದು. "ಆ ಮೂಲೆಯ ಹಾಸಿಗೆಯವರಿಗೆ ಜನ ಇಲ್ಲ, ಗಂಜಿ ಅವರಿಗೆ. ಉಪ್ಪಿನಕಾಯಿ ಕೊಡಬೇಡ, ನರ್ಸಮ್ಮ ಬೈತಾರೆ." ನಮ್ಮ ಬೇಸಿಗೆ ರಜೆ ಹೀಗೆ ಪರೋಪಕಾರಕ್ಕೆ ಬಲಿಯಾಯಿತು.

ಈಗ ನಾವು ಸುಸಂಸ್ಕೃತರಾಗಿದ್ದೇವೆ. ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಹೆಸರು ಕೇಳುವುದು ಕೂಡ ಅಸಭ್ಯತೆ. ಸೇವೆಗೆ ಸಮಿತಿ ಇದೆ, ರಸೀದಿ ಪುಸ್ತಕ ಇದೆ, ಚೆಕ್ ಹಿಡಿದು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಕ್ರಮವೂ ಇದೆ. ಯಾರ ಮನೆಯ ಒಲೆ ಹೊತ್ತಿಲ್ಲ ಎಂಬ ಸುದ್ದಿ ಮಾತ್ರ ಸಮಿತಿಗೆ ಸಿಗುವುದಿಲ್ಲ. ಹಸಿದವರು ಅರ್ಜಿ ಬರೆಯುವುದಿಲ್ಲವಲ್ಲ. ಅಜ್ಜಿಗೆ ಅರ್ಜಿ ಬೇಕಿರಲಿಲ್ಲ, ಬೇಲಿಯ ಸಂದು ಸಾಕಿತ್ತು. ಅವರ ಭಕ್ತಿ ದೊಡ್ಡದೋ ಕುತೂಹಲ ದೊಡ್ಡದೋ ಎಂದು ನಮ್ಮ ಮನೆಯಲ್ಲಿ ಇನ್ನೂ ವಾದ ನಡೆಯುತ್ತದೆ. ನನ್ನ ಓಟು ಕುತೂಹಲಕ್ಕೆ. ಭಕ್ತಿ ಅವರನ್ನು ಗುಡಿಗೆ ಕರೆದೊಯ್ದದ್ದು ಭಾನುವಾರ ಮಾತ್ರ. ಉಳಿದ ಆರು ದಿನ ಊರವರ ಮನೆಗೆ ಕರೆದೊಯ್ದದ್ದು ಕುತೂಹಲವೇ.

ಆದ್ದರಿಂದ ಓದುಗ ಮಹಾಶಯರೇ, ಪಕ್ಕದ ಮನೆಯ ಮುದುಕರು ಎರಡು ದಿನದಿಂದ ಹಾಲಿನ ಪ್ಯಾಕೆಟ್ ಒಳಗೆ ತೆಗೆದುಕೊಂಡಿಲ್ಲವೆಂದರೆ ನಮಗ್ಯಾಕೆ ಬೇಕು ಎನ್ನಬೇಡಿ. ಹೋಗಿ ಬಾಗಿಲು ಬಡಿಯಿರಿ, ಮೂಗು ತೂರಿಸಿ. ಬೈದರೆ ಬೈಸಿಕೊಳ್ಳಿ.